ಒಂದು ಹಿಡಿ ಹರಳುಪ್ಪು ಇಟ್ಟುಕೊಂಡು ಪರಮಾಣುವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ

ಹೋದ ಬೇಸಿಗೆ ರಜೆಗೆ ಅಕ್ಕನ ಮಗ ಶಿರಸಿಯಿಂದ ಕುಮಟೆಗೆ ನಮ್ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗ. ಪರಮಾಣುವಿನ ಚಿತ್ರ ಬಿಡಿಸು ಅಂದರೆ ಕಣ್ಣು ಮುಚ್ಚಿ ಬಿಡಿಸುತ್ತಾನೆ: ನಡುವೆ ಒಂದು ಚುಕ್ಕೆ, ಸುತ್ತ ಮೂರು ಬಳೆ, ಬಳೆಯ ಮೇಲೆ ಒಂದಿಷ್ಟು ಕಾಳು. "ಸರಿ, ಈ ಉಪ್ಪಿನ ಹರಳಲ್ಲಿ ಅದು ಎಲ್ಲಿದೆ?" ಅಂತ ಕೇಳಿದೆ. "ಮಾವಾ, ಅದು ಪರೀಕ್ಷೆಗೆ ಬರೂದಿಲ್ಲ" ಅಂದ.

ತಪ್ಪು ಅವನದಲ್ಲ. ನಾನೂ ಹಾಗೇ ಕಲಿತವನು. ಚಿತ್ರಕ್ಕೆ ಅಂಕ ಬಂತು, ವಿಷಯ ತಲೆಗೆ ಹೋಗಲಿಲ್ಲ. ನನ್ನ ಪ್ರಕಾರ ಗಡಿಬಿಡಿ ಶುರುವಾಗುವುದೇ ಚಿತ್ರದಿಂದ. ಮೊದಲು ಕೈಯಲ್ಲಿ ವಸ್ತು ಹಿಡಿಯಬೇಕು, ಅದರಲ್ಲಿ ಒಂದು ವಿಚಿತ್ರ ಕಾಣಬೇಕು, ಆ ವಿಚಿತ್ರಕ್ಕೆ ಕಾರಣ ಹುಡುಕುತ್ತಾ ಒಳಗೆ ಹೋಗಬೇಕು. ಆ ರಜೆಯಲ್ಲಿ ನಾವಿಬ್ಬರೂ ಮಾಡಿದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎರಡು ವಾರ ಬೇಕು. ದಿನಕ್ಕೆ ಅರ್ಧ ಗಂಟೆ ಸಾಕು.

ಬೇಕಾದ ಸಾಮಾನು: ಹರಳುಪ್ಪು (ನಮ್ಮಲ್ಲಿ ಸಾಣಿಕಟ್ಟಾ ಊರಿನ ಉಪ್ಪುಗದ್ದೆಯ ಉಪ್ಪು ಸುಲಭವಾಗಿ ಸಿಗುತ್ತದೆ, ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ), ಒಂದು ಭೂತಗನ್ನಡಿ, ಕಡಲೆ, ಹುಣಸೆ ಬೀಜ, ಸಾಸಿವೆ, ರಂಗೋಲಿ ಪುಡಿ, ಒಂದು ಬಾಚಣಿಗೆ, ನಾಲ್ಕು ಕಪ್ಪೆಚಿಪ್ಪು, ಒಂದು ಲಿಂಬೆಹಣ್ಣು. ಕಾಳಿನ ಬದಲು ಗುಲಗಂಜಿ ಚೆನ್ನಾಗಿ ಕಾಣುತ್ತದೆ ಅಂತ ಅನಿಸಬಹುದು, ಆದರೆ ಮಕ್ಕಳಿದ್ದ ಮನೆಯಲ್ಲಿ ಬೇಡವೇ ಬೇಡ, ಅದನ್ನು ಅಗಿದು ನುಂಗಿದರೆ ವಿಷ.

ಹೆಜ್ಜೆ 1: ಹರಳು ಬೆಳೆಸಿ

ಅರ್ಧ ಲೋಟ, ಅಂದರೆ ಸುಮಾರು 100 ಮಿಲಿ ಬಿಸಿ ನೀರಿಗೆ ಉಪ್ಪು ಹಾಕುತ್ತಾ ಕಲಕಿ. ಸುಮಾರು 36 ಗ್ರಾಂ ಹಿಡಿಯುತ್ತದೆ, ಆಮೇಲೆ ಹಾಕಿದ್ದು ತಳದಲ್ಲೇ ಕೂರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಅಗಲವಾದ ಬಟ್ಟಲಿಗೆ ಹಾಕಿ, ಮೇಲೆ ಒಂದು ಪಂಚೆ ತುಂಡು ಮುಚ್ಚಿ, ಯಾರೂ ಮುಟ್ಟದ ಕಡೆ ಇಡಿ. ಒಲೆಯ ಮೇಲೆ ಇಟ್ಟು ಬತ್ತಿಸಬೇಡಿ, ಬರೀ ಪುಡಿ ಸಿಗುತ್ತದೆ. ಬಿಸಿಲಲ್ಲಿ ಬೇಗ ಒಣಗಿಸಿದರೂ ಹರಳಿನ ಮುಖದಲ್ಲಿ ಮೆಟ್ಟಿಲು ಮೆಟ್ಟಿಲಾದ ಗುಳಿ ಬೀಳುತ್ತದೆ. ನಿಧಾನವಾದಷ್ಟೂ ಚೆಂದ.

ಇನ್ನೊಂದು ಮಾತು. ಇದನ್ನು ಡಿಸೆಂಬರಿನಿಂದ ಮೇ ಒಳಗೆ ಮಾಡಿ. ಕರಾವಳಿಯ ಮಳೆಗಾಲದಲ್ಲಿ ಮಾಡಿದರೆ ಬಟ್ಟಲು ಒಣಗುವುದೇ ಇಲ್ಲ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಶುದ್ಧ ಉಪ್ಪು ಕೂಡ ಗಾಳಿಯಿಂದ ನೀರು ಎಳೆದುಕೊಂಡು ಕರಗತೊಡಗುತ್ತದೆ. ಜುಲೈನಲ್ಲಿ ನಿಮ್ಮ ಮನೆಯ ಉಪ್ಪಿನ ಭರಣಿ ಏನಾಗಿರುತ್ತದೆ ಅಂತ ನೆನಪಿದೆಯಲ್ಲ? ಅದರ ಕಥೆ ಕೊನೆಗೆ ಬರುತ್ತದೆ.

ವಾರದ ನಂತರ ಭೂತಗನ್ನಡಿ ಹಿಡಿದು ನೋಡಿ. ಎಲ್ಲವೂ ಚೌಕ. ಪುಟ್ಟ ಪುಟ್ಟ ಪೆಟ್ಟಿಗೆ. ಒಂದು ಹರಳನ್ನು ಚಾಕುವಿನ ಅಂಚಿಟ್ಟು ಮೆಲ್ಲಗೆ ತಟ್ಟಿದರೆ ಒಡೆದ ತುಂಡಿನ ಮೂಲೆಯೂ ಚೌಕ. ಯಾರೂ ಕೆತ್ತಿಲ್ಲ, ಅಚ್ಚಿಗೆ ಹಾಕಿಲ್ಲ. ಹಾಗಾದರೆ ಈ ಚೌಕ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಜೇಬಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 2: ಎಷ್ಟು ಸಣ್ಣದು ಅಂತ ಅಂದಾಜು ಮಾಡಿ

ಒಂದು ಲೋಟ ನೀರಿಗೆ ಎರಡು ಹನಿ ಗಾಢ ಶಾಯಿ ಹಾಕಿ. ಅದರ ಹತ್ತನೇ ಒಂದು ಭಾಗ ತೆಗೆದು ಇನ್ನೊಂದು ಲೋಟಕ್ಕೆ ಹಾಕಿ ನೀರು ತುಂಬಿಸಿ. ಅದರ ಹತ್ತನೇ ಒಂದು ಭಾಗ ಮತ್ತೊಂದಕ್ಕೆ. ಬಣ್ಣ ತೆಳ್ಳಗಾಗುತ್ತಾ ಹೋಗುತ್ತದೆ, ಆದರೆ ಲೋಟದ ಒಂದು ಮೂಲೆಯಲ್ಲಿ ಬಣ್ಣ, ಇನ್ನೊಂದು ಮೂಲೆಯಲ್ಲಿ ಬರೀ ನೀರು ಅಂತ ಆಗುವುದಿಲ್ಲ. ಅಂದರೆ ಆ ಎರಡು ಹನಿಯಲ್ಲಿ ಲೆಕ್ಕವಿಲ್ಲದಷ್ಟು ಕಣ ಇರಲೇಬೇಕು.

ಲೆಕ್ಕ ನಿಜಕ್ಕೂ ದೊಡ್ಡದು. 18 ಗ್ರಾಂ ನೀರು, ಅಂದರೆ ಒಂದು ದೊಡ್ಡ ಗುಟುಕು, ಅದರಲ್ಲಿ 6.022ನ್ನು ಹತ್ತರ 23ನೇ ಘಾತದಿಂದ ಗುಣಿಸಿದಷ್ಟು ನೀರಿನ ಅಣುಗಳಿವೆ. ಆರು ಬರೆದು ಪಕ್ಕದಲ್ಲಿ 23 ಸೊನ್ನೆ ಹಾಕಿ ನೋಡಿ.

ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಹಂಚಿನ ಸಂದಿಯಿಂದ ಬಿಸಿಲು ಕೋಲು ಬಿದ್ದಾಗ ಧೂಳು ಕುಣಿಯುತ್ತದಲ್ಲ, ಅದನ್ನು ತೋರಿಸಿ "ನೋಡು ಪರಮಾಣು ತಳ್ಳುತ್ತಾ ಇದೆ" ಅನ್ನುತ್ತಾರೆ. ಆ ಕುಣಿತದ ಹೆಚ್ಚಿನ ಪಾಲು ಕೋಣೆಯ ಗಾಳಿಯ ಓಡಾಟ, ಅಷ್ಟೇ. ನಿಜವಾದದ್ದನ್ನು ಕಂಡವರು ರಾಬರ್ಟ್ ಬ್ರೌನ್, 1827ರಲ್ಲಿ, ಸೂಕ್ಷ್ಮದರ್ಶಕದ ಕೆಳಗೆ. ಪರಾಗದೊಳಗಿನ ಸಣ್ಣ ಕಣಗಳು ನಿಂತ ನೀರಲ್ಲೂ ನಡುಗುತ್ತಿದ್ದವು. ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದುವುದೇ ಇದಕ್ಕೆ ಕಾರಣ ಅಂತ ಐನ್‌ಸ್ಟೈನ್ 1905ರಲ್ಲಿ ಲೆಕ್ಕ ಕೊಟ್ಟರು, ಅದನ್ನು ಅಳೆದು ಖಚಿತ ಮಾಡಿದವರು ಫ್ರಾನ್ಸಿನ ಜಾನ್ ಪೆರಾನ್. ಅಲ್ಲಿಯವರೆಗೆ ಪರಮಾಣು ಇದೆಯೋ ಇಲ್ಲವೋ ಅಂತ ದೊಡ್ಡ ವಿಜ್ಞಾನಿಗಳೇ ಜಗಳವಾಡುತ್ತಿದ್ದರು.

ಹೆಜ್ಜೆ 3: ಎರಡು ಪದಗಳ ಗೊಂದಲ ಬಿಡಿಸಿಕೊಳ್ಳಿ

ಕನ್ನಡದಲ್ಲಿ ಓದುವವರಿಗೆ ಕಾಡುವ ತೊಂದರೆ ಇದು. ಪಾಠದಲ್ಲಿ ಪರಮಾಣು ಅಂದರೆ ಒಂಟಿ, ಅಣು ಅಂದರೆ ಕೆಲವು ಪರಮಾಣುಗಳು ಕೂಡಿದ್ದು. ಹೈಡ್ರೋಜನ್ ಎರಡು, ಆಕ್ಸಿಜನ್ ಒಂದು ಸೇರಿದರೆ ನೀರಿನ ಒಂದು ಅಣು. ಆದರೆ ಪೇಪರಿನಲ್ಲಿ ನೋಡಿದರೆ ಅಣುಬಾಂಬ್, ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿ ಅಣು ಅಂದರೆ ಪರಮಾಣುವೇ, ಅದರಲ್ಲೂ ಪರಮಾಣುವಿನ ನಡುಗಂಟು. ರೂಢಿಯ ಮಾತು ರೂಢಿಗೆ, ಪಾಠದ ಮಾತು ಪಾಠಕ್ಕೆ. ಪುಸ್ತಕದ ಮೊದಲ ಪುಟದಲ್ಲೇ ಈ ಎರಡು ಸಾಲು ಬರೆದಿಟ್ಟುಕೊಂಡರೆ ಮುಂದೆ ತಲೆನೋವು ಇಲ್ಲ.

ಹೆಜ್ಜೆ 4: ಒಳಗೆ ಏನಿದೆ ಅಂತ ನೋಡಿ

ಒಣ ಕೂದಲಿಗೆ ಬಾಚಣಿಗೆ ಹತ್ತು ಸಲ ತಿಕ್ಕಿ, ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಪಕ್ಕ ಹಿಡಿಯಿರಿ. ನೀರು ಬಾಚಣಿಗೆಯ ಕಡೆಗೆ ಬಾಗುತ್ತದೆ. ಇದೂ ಮಳೆಗಾಲದಲ್ಲಿ ಕೈಕೊಡುತ್ತದೆ, ಎಣ್ಣೆ ಹಚ್ಚಿದ ತಲೆಗೂ ಆಗುವುದಿಲ್ಲ. ಆಗಿದ್ದು ಇಷ್ಟೇ: ಒಂದರ ಋಣ ವಿದ್ಯುತ್ತಿನ ಸಣ್ಣ ಕಣಗಳಾದ ಎಲೆಕ್ಟ್ರಾನ್‌ಗಳು ಇನ್ನೊಂದಕ್ಕೆ ಹೋದವು. ಒಂದು ಮುಷ್ಟಿ ಕೂದಲು ತಿಕ್ಕಿದ್ದಕ್ಕೆ ಬಿಟ್ಟು ಹೋಗುವ ವಸ್ತುವೊಂದು ಎಲ್ಲಾ ಪದಾರ್ಥದಲ್ಲೂ ಇದೆ ಅಂತಾಯಿತಲ್ಲ.

ಎಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ ಗುರುತಿಸಿದ್ದು 1897ರಲ್ಲಿ. ಆಮೇಲೆ ಬಂದದ್ದು ನನಗೆ ತುಂಬಾ ಇಷ್ಟವಾದ ಪ್ರಯೋಗ. ರುದರ್‌ಫೋರ್ಡ್ ಅವರ ಜೊತೆಗಿದ್ದ ಗೈಗರ್ ಮತ್ತು ಮಾರ್ಸ್‌ಡನ್ 1909ರಲ್ಲಿ ತೆಳ್ಳನೆ ಲೋಹದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು (ಧನ ವಿದ್ಯುತ್ತಿನ, ವೇಗವಾಗಿ ಹಾರುವ ಕಣಗಳು) ಬಿಟ್ಟರು. ಬಹುತೇಕ ಎಲ್ಲವೂ ಹಾಳೆಯೇ ಇಲ್ಲವೇನೋ ಅನ್ನುವಂತೆ ಆಚೆ ಹೋದವು. ಆದರೆ ಸುಮಾರು 8,000ಕ್ಕೆ ಒಂದು ಕಣ ಬಂದ ದಾರಿಗೇ ತಿರುಗಿ ಬಂತು. ಕತ್ತಲಲ್ಲಿ ದೊಡ್ಡ ಗದ್ದೆಗೆ ಕಲ್ಲು ಹೊಡೆಯುತ್ತಾ ಇದ್ದೀರಿ ಅಂದುಕೊಳ್ಳಿ, ಸಾವಿರಾರು ಕಲ್ಲು ಸದ್ದಿಲ್ಲದೆ ಆಚೆ ಹೋಗುತ್ತವೆ, ಒಂದು ಮಾತ್ರ ಠಣ್ ಅಂತ ತಿರುಗಿ ನಿಮ್ಮ ಕಾಲ ಬುಡಕ್ಕೇ ಬೀಳುತ್ತದೆ. ಗದ್ದೆಯ ನಡುವೆ ಎಲ್ಲೋ ಒಂದು ಗಟ್ಟಿ ಗೂಟ ಇದೆ ಅಂತ ಗೊತ್ತಾಗುತ್ತದೆ, ಅಲ್ವಾ? 1911ರಲ್ಲಿ ರುದರ್‌ಫೋರ್ಡ್ ಹೇಳಿದ್ದು ಅದನ್ನೇ. ಆ ಗೂಟದ ಹೆಸರು ನ್ಯೂಕ್ಲಿಯಸ್. ಅದರೊಳಗೆ ಧನ ವಿದ್ಯುತ್ತಿನ ಪ್ರೋಟಾನ್, ಯಾವ ವಿದ್ಯುತ್ತೂ ಇಲ್ಲದ ನ್ಯೂಟ್ರಾನ್. ನ್ಯೂಟ್ರಾನ್ ಸಿಕ್ಕಿದ್ದು ತಡವಾಗಿ, 1932ರಲ್ಲಿ, ಚಾಡ್ವಿಕ್ ಅವರಿಗೆ.

ಅಳತೆ ಹೇಳುತ್ತೇನೆ. ಶಿರಸಿಯ ಮಾರಿಕಾಂಬಾ ಗುಡಿಯ ಎದುರು ಎರಡು ಸೆಂಟಿಮೀಟರಿನ ಒಂದು ಅಡಿಕೆ ಇಡಿ. ಅದು ಸೋಡಿಯಂ ಪರಮಾಣುವಿನ ನ್ಯೂಕ್ಲಿಯಸ್ ಆದರೆ, ಪರಮಾಣುವಿನ ಅಂಚು ಎಲ್ಲಾ ದಿಕ್ಕಿಗೂ ಸುಮಾರು ಅರ್ಧ ಕಿಲೋಮೀಟರ್ ಆಚೆ. ತೂಕ ಹೆಚ್ಚುಕಮ್ಮಿ ಪೂರ್ತಿ ಅಡಿಕೆಯಲ್ಲಿದೆ. ಉಳಿದ ಅಷ್ಟೂ ಪೇಟೆಯಲ್ಲಿ 11 ಎಲೆಕ್ಟ್ರಾನ್‌ಗಳು. ಒಂದು ಪ್ರೋಟಾನ್ 1,836 ಎಲೆಕ್ಟ್ರಾನ್‌ಗಳಷ್ಟು ತೂಗುತ್ತದೆ. ಪುಸ್ತಕದ ಚಿತ್ರ ಈ ಅಳತೆಯಲ್ಲಿ ಬರೆಯಲು ಆಗುವುದೇ ಇಲ್ಲ, ಅದಕ್ಕೇ ಅದನ್ನು ನಂಬಬೇಡಿ ಅಂದಿದ್ದು.

ಹೆಜ್ಜೆ 5: ಅಂಗಳದಲ್ಲಿ ಪರಮಾಣು ಕಟ್ಟಿ

ಈಗ ಕಾಳು ತೆಗೆಯಿರಿ. ಕಡಲೆ ಅಂದರೆ ಪ್ರೋಟಾನ್, ಹುಣಸೆ ಬೀಜ ನ್ಯೂಟ್ರಾನ್, ಸಾಸಿವೆ ಎಲೆಕ್ಟ್ರಾನ್. ಅಂಗಳದಲ್ಲಿ ರಂಗೋಲಿಯಿಂದ ಒಂದರ ಹೊರಗೊಂದು ಮೂರು ಸುತ್ತು ಎಳೆಯಿರಿ. ನಿಯಮ ಸರಳ: ಮೊದಲ ಸುತ್ತಿಗೆ 2, ಎರಡನೆಯದಕ್ಕೆ 8, ಮೂರನೆಯದಕ್ಕೂ ಸದ್ಯಕ್ಕೆ 8. ಮೊದಲ 18 ಧಾತುಗಳಿಗೆ ಇಷ್ಟು ಸಾಕು, ಆಚೆಗೆ ಲೆಕ್ಕ ಸ್ವಲ್ಪ ತಿರುಚಿಕೊಳ್ಳುತ್ತದೆ.

ಹೈಡ್ರೋಜನ್: ಒಂದು ಕಡಲೆ, ಒಂದು ಸಾಸಿವೆ. ಮುಗಿಯಿತು. ಕಾರ್ಬನ್: ಆರು ಕಡಲೆ, ಆರು ಬೀಜ, ಸಾಸಿವೆ 2 ಮತ್ತು 4. ಆಕ್ಸಿಜನ್: ಎಂಟು, ಎಂಟು, ಸಾಸಿವೆ 2 ಮತ್ತು 6. ಸೋಡಿಯಂ: 11 ಕಡಲೆ, 12 ಬೀಜ, ಸಾಸಿವೆ 2, 8, 1. ಕ್ಲೋರಿನ್: 17 ಕಡಲೆ, 18 ಬೀಜ, ಸಾಸಿವೆ 2, 8, 7. ಈ ಐದನ್ನು ಕೈಯಾರೆ ಇಡಿ, ಬರೆಯುವುದಲ್ಲ, ಇಡಬೇಕು.

ಆಮೇಲೆ ಮೂರು ತುಂಟಾಟ ಮಾಡಿ. ಸೋಡಿಯಂಗೆ ಒಂದು ಕಡಲೆ ಸೇರಿಸಿ. ಅದು ಸೋಡಿಯಂ ಅಲ್ಲವೇ ಅಲ್ಲ, ಮ್ಯಾಗ್ನೀಷಿಯಂ ಆಯಿತು. ಜಾತಿ ಹೇಳುವುದು ಪ್ರೋಟಾನ್ ಒಂದೇ. ಕಡಲೆ ವಾಪಸ್ ತೆಗೆಯಿರಿ. ಈಗ ಕ್ಲೋರಿನ್ನಿಗೆ ಎರಡು ಹುಣಸೆ ಬೀಜ ಹೆಚ್ಚಿಗೆ ಹಾಕಿ. ಕ್ಲೋರಿನ್ನೇ, ಆದರೆ ತುಸು ಭಾರ. ಇದೇ ಐಸೊಟೋಪ್. ಪ್ರಕೃತಿಯಲ್ಲಿ 18 ನ್ಯೂಟ್ರಾನಿನ ಕ್ಲೋರಿನ್, 20 ನ್ಯೂಟ್ರಾನಿನ ಕ್ಲೋರಿನ್ ಎರಡೂ ಬೆರೆತಿವೆ, ಅದಕ್ಕೇ ಪುಸ್ತಕದಲ್ಲಿ ಕ್ಲೋರಿನ್ನಿನ ತೂಕ 35.5 ಅಂತ ಅರ್ಧಂಬರ್ಧ ಕಾಣುತ್ತದೆ. ಮೂರನೆಯದು, ಸೋಡಿಯಂನ ಕೊನೆಯ ಸಾಸಿವೆ ತೆಗೆದುಬಿಡಿ. ಸೋಡಿಯಂ ಸೋಡಿಯಮ್ಮೇ, ಆದರೆ ಒಳಗೆ 11 ಧನ, ಹೊರಗೆ 10 ಋಣ. ಇದಕ್ಕೆ ಅಯಾನು ಅನ್ನುತ್ತಾರೆ.

ಕಡಲೆ ಬದಲಾದರೆ ಧಾತುವೇ ಬೇರೆ, ಬೀಜ ಬದಲಾದರೆ ತೂಕ ಬೇರೆ, ಸಾಸಿವೆ ಬದಲಾದರೆ ನಡತೆ ಬೇರೆ. ಇದು ಬಾಯಿಗೆ ಬಂದರೆ ಅರ್ಧ ಪಾಠ ಮುಗಿದಂತೆ.

ರಂಗೋಲಿ ಸುತ್ತುಗಳ ಬಗ್ಗೆ ಒಂದು ಎಚ್ಚರಿಕೆ. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಚಿತ್ರ ಅದು, ಲೆಕ್ಕಕ್ಕೆ ಅನುಕೂಲ. ನಿಜದಲ್ಲಿ ಎಲೆಕ್ಟ್ರಾನ್ ಗಾಣದೆತ್ತಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುವುದಿಲ್ಲ. ಘಟ್ಟದ ಮೇಲೆ ಆಷಾಢದ ಮಂಜು ಇರುತ್ತದಲ್ಲ, ಇಂಥಲ್ಲಿ ದಟ್ಟ, ಅಂಥಲ್ಲಿ ತೆಳು ಅಂತ ಹೇಳಬಹುದು, ಅಂಚು ಇಲ್ಲೇ ಅಂತ ಗೆರೆ ಎಳೆಯಲಿಕ್ಕಾಗುವುದಿಲ್ಲ. ಎಲೆಕ್ಟ್ರಾನ್ ಸಿಗುವ ಸಾಧ್ಯತೆಯೂ ಹಾಗೇ ಹರಡಿಕೊಂಡಿರುತ್ತದೆ.

ಹೆಜ್ಜೆ 6: ಜೋಡಿಸಿ, ವಸ್ತು ಮಾಡಿ

ಅಂಗಳದಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಅಕ್ಕಪಕ್ಕ ಇವೆಯಲ್ಲ, ನೋಡಿ. ಒಂದರ ಹೊರಸುತ್ತಿನಲ್ಲಿ ಒಂದೇ ಒಂದು ಸಾಸಿವೆ, ಹೋದರೆ ಒಳಗಿನ ಸುತ್ತು ತುಂಬಿದ 8. ಇನ್ನೊಂದಕ್ಕೆ ಒಂದೇ ಕಮ್ಮಿ, ಬಂದರೆ 8. ಆ ಒಂದು ಸಾಸಿವೆಯನ್ನು ದಾಟಿಸಿ. ಒಂದು ಧನ ಅಯಾನು, ಒಂದು ಋಣ ಅಯಾನು, ಎರಡೂ ಅಂಟಿಕೊಂಡವು. ಸೋಡಿಯಂ ಲೋಹ ನೀರು ತಾಗಿದರೆ ಬೆಂಕಿ ಕಾರುತ್ತದೆ (ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ), ಕ್ಲೋರಿನ್ ಉಸಿರು ಕಟ್ಟಿಸುವ ವಿಷಗಾಳಿ. ಒಂದು ಎಲೆಕ್ಟ್ರಾನ್ ಕೈ ಬದಲಾದ ಮೇಲೆ ಅದೇ ಎರಡು ಸೇರಿ ಗಂಜಿಗೆ ಉಪ್ಪಾಯಿತು.

ಈಗ ಜೇಬಿನ ಪ್ರಶ್ನೆ ತೆಗೆಯಿರಿ. ಧನ ಅಯಾನು ತನ್ನ ಸುತ್ತ ಋಣ ಅಯಾನುಗಳನ್ನೇ ಬಯಸುತ್ತದೆ, ಋಣ ಅಯಾನು ಧನವನ್ನೇ. ಚದುರಂಗದ ಹಾಸಿನ ಕಪ್ಪು ಬಿಳುಪು ಮನೆಗಳ ಹಾಗೆ ಕೂರಿಸಿ, ಅದರ ಮೇಲೆ ಇನ್ನೊಂದು ಹಾಸು, ಕಪ್ಪಿನ ಮೇಲೆ ಬಿಳಿ ಬರುವಂತೆ. ಎಡ, ಬಲ, ಹಿಂದೆ, ಮುಂದೆ, ಮೇಲೆ, ಕೆಳಗೆ ಅಂತ ಪ್ರತಿಯೊಂದಕ್ಕೂ ಆರು ನೆರೆಯವರು. ಹೀಗೇ ಎಲ್ಲಾ ದಿಕ್ಕಿಗೂ ಕಟ್ಟುತ್ತಾ ಹೋದರೆ ಪೆಟ್ಟಿಗೆಯಲ್ಲದೆ ಇನ್ನೇನು ಬರುತ್ತದೆ? ಒಂದು ಮಿಲಿಮೀಟರಿನ ಹರಳಿನ ಒಂದು ಅಂಚಿನುದ್ದಕ್ಕೆ ಸುಮಾರು 35 ಲಕ್ಷ ಅಯಾನುಗಳು ಸಾಲಾಗಿ ಕೂತಿವೆ. ನೀವು ಬಟ್ಟಲಲ್ಲಿ ಕಂಡ ಚೌಕ ಆ ಸಾಲಿನದೇ. ಇದನ್ನು ಹೇಳಿದಾಗ ನಮ್ಮ ಹುಡುಗ ಎದ್ದು ಹೋಗಿ ಬಟ್ಟಲನ್ನು ಇನ್ನೊಮ್ಮೆ ನೋಡಿ ಬಂದ, ನನಗೆ ಅಷ್ಟು ಸಾಕಾಯಿತು. ಅಂದ ಹಾಗೆ ಹರಳಿನಲ್ಲಿ "ಉಪ್ಪಿನ ಅಣು" ಅಂತ ಬಿಡಿಯಾಗಿ ಒಂದು ಇಲ್ಲ. ಯಾರ ಜೋಡಿ ಯಾರು ಅಂತ ಹೇಳಲಾಗದ ಒಂದೇ ದೊಡ್ಡ ಜಾಲ.

ನೀರಿನ ಕಥೆ ಬೇರೆ. ಅಲ್ಲಿ ಕೊಡುವುದು ತೆಗೆದುಕೊಳ್ಳುವುದು ಇಲ್ಲ, ಹಂಚಿಕೊಳ್ಳುವುದು. ಆಕ್ಸಿಜನ್ನಿಗೆ ಎರಡು ಕಮ್ಮಿ, ಎರಡು ಹೈಡ್ರೋಜನ್‌ಗಳ ಜೊತೆ ಪಾಲು ಮಾಡಿಕೊಳ್ಳುತ್ತದೆ. ಪಾಲು ಸರಿಸಮ ಅಲ್ಲ, ಆಕ್ಸಿಜನ್ ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತದೆ. ಅಣು ನೇರವಾಗಿಲ್ಲ, 104.5 ಡಿಗ್ರಿಗೆ ಬಾಗಿದೆ. ಹಾಗಾಗಿ ಒಂದು ತುದಿ ತುಸು ಋಣ, ಇನ್ನೊಂದು ತುಸು ಧನ. ನೀರು ಉಪ್ಪನ್ನು ಅಯಾನು ಅಯಾನಾಗಿ ಕಿತ್ತು ಕರಗಿಸುವುದಕ್ಕೆ ಈ ಗುಣವೇ ಕಾರಣ.

ಲೋಹಗಳಲ್ಲಿ ಹೊರಗಿನ ಎಲೆಕ್ಟ್ರಾನ್ ಊರಿನ ಗೋಮಾಳದ ಹಾಗೆ, ಎಲ್ಲರದ್ದು. ತಾಮ್ರದ ಹಂಡೆ ಬೇಗ ಬಿಸಿಯಾಗುವುದು, ತಂತಿಯಲ್ಲಿ ಕರೆಂಟು ಹರಿಯುವುದು ಅದರಿಂದ.

ಹೆಜ್ಜೆ 7: ಚಿಪ್ಪಿನಿಂದ ಕವಳದವರೆಗೆ (ಎಲೆ ಅಡಿಕೆಯವರೆಗೆ)

ಅಘನಾಶಿನಿ ಹೊಳೆಯ ಬಳಚಿನ (ಕಪ್ಪೆಚಿಪ್ಪಿನ ಒಂದು ಜಾತಿ) ಚಿಪ್ಪು ಒಂದನ್ನು ತೊಳೆದು ಲಿಂಬೆ ರಸ ಹಿಂಡಿ. ಸಣ್ಣಗೆ ಗುಳ್ಳೆ ಏಳುತ್ತದೆ. ಚಿಪ್ಪಿನ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್: ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ಯಾಣದ ಸುಣ್ಣಕಲ್ಲಿನ ಬಂಡೆಯೂ ಇದೇ ಸರಕು (ಅಲ್ಲಿ ಹೋಗಿ ಲಿಂಬೆ ಹಿಂಡಬೇಡಿ, ದಯವಿಟ್ಟು).

ಚಿಪ್ಪನ್ನು ಗೂಡಿನಲ್ಲಿ ಹಾಕಿ ಜೋರಾಗಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಗ್ರಾಂ ಶುದ್ಧ ಕಾರ್ಬೊನೇಟ್ ಸುಟ್ಟರೆ 56 ಗ್ರಾಂ ಸುಣ್ಣ, 44 ಗ್ರಾಂ ಗಾಳಿ. ಕೂಡಿಸಿ ನೋಡಿ, ಒಂದು ಗ್ರಾಮೂ ಕಳೆದಿಲ್ಲ. ಅದಕ್ಕೆ ನೀರು ಹಾಕಿದರೆ ಬುಸ್ ಅಂತ ಕುದಿದು ತಿನ್ನುವ ಸುಣ್ಣ, ಘಟ್ಟದ ಮೇಲಿನವರ ಕವಳಕ್ಕೆ. ಅದನ್ನೇ ಗೋಡೆಗೆ ಬಳಿದರೆ ದಿನ ಕಳೆದಂತೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ವಾಪಸ್ ಹೀರಿ ಮತ್ತೆ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಅಂದರೆ ನಿಮ್ಮ ಅಜ್ಜನ ಮನೆಯ ಬಿಳಿ ಗೋಡೆ ಲೆಕ್ಕದಲ್ಲಿ ಚಿಪ್ಪೇ. ಇಷ್ಟೆಲ್ಲಾ ಆದರೂ ಕ್ಯಾಲ್ಸಿಯಂನ 20 ಪ್ರೋಟಾನ್‌ಗಳಲ್ಲಿ ಒಂದೂ ಅಲುಗಿಲ್ಲ. ಬೆಂಕಿ, ಅಡುಗೆ, ತುಕ್ಕು, ಜೀರ್ಣ ಎಲ್ಲವೂ ಬರೀ ಸಾಸಿವೆಯ ಆಟ.

ಹೆಜ್ಜೆ 8: ಕಡಲೆಗೇ ಕೈ ಹಾಕಿದರೆ

ಕಾರವಾರ ತಾಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ, ನಡೆಯುವುದು ಇದು. ಯುರೇನಿಯಂ 235ರಲ್ಲಿ 92 ಪ್ರೋಟಾನ್, 143 ನ್ಯೂಟ್ರಾನ್. ಒಂದು ನ್ಯೂಟ್ರಾನ್ ಬಂದು ಸೇರಿದರೆ ನ್ಯೂಕ್ಲಿಯಸ್ ಎರಡಾಗಿ ಸೀಳುತ್ತದೆ. ಒಂದು ಸಲ ಬೇರಿಯಂ ಮತ್ತು ಕ್ರಿಪ್ಟಾನ್ ಆಗಬಹುದು: 56 ಮತ್ತು 36. ಕೂಡಿಸಿ, 92. ಇನ್ನೊಂದು ಸಲ ಬೇರೆ ಜೋಡಿ. ಜೊತೆಗೆ ಎರಡು ಮೂರು ಬಿಡಿ ನ್ಯೂಟ್ರಾನ್ ಹೊರಬಂದು ಮುಂದಿನ ಯುರೇನಿಯಂ ಸೀಳುತ್ತವೆ. ಒಂದು ಸೀಳಿಗೆ ಸಿಗುವ ಶಕ್ತಿ, ಇದ್ದಿಲಿನ ಒಂದು ಕಾರ್ಬನ್ ಪರಮಾಣು ಸುಟ್ಟಾಗ ಸಿಗುವುದರ ಸುಮಾರು 5 ಕೋಟಿ ಪಟ್ಟು.

ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ ನಿಂತಾಗ 962 ದಿನ ಬಿಡುವಿಲ್ಲದೆ ಓಡಿತ್ತು, ಆಗ ಅದು ವಿಶ್ವದಾಖಲೆ. ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಅಲ್ಲಿ ಬಳಸುವುದು ಭಾರಜಲ. ಹೆಜ್ಜೆ 5ರ ಐಸೊಟೋಪ್ ನೆನಪಿದೆಯಾ? ಹೈಡ್ರೋಜನ್ನಿಗೆ ಒಂದು ಹುಣಸೆ ಬೀಜ ಸೇರಿಸಿ, ಅದೇ ಡ್ಯೂಟೀರಿಯಂ, ಅದರಿಂದಾದ ನೀರೇ ಭಾರಜಲ. ಕಾರವಾರದ ಕಡಲ ನೀರಿನಲ್ಲೂ ಸುಮಾರು 6,400 ಹೈಡ್ರೋಜನ್‌ಗೆ ಒಂದು ಹೀಗಿದೆ.

ಕೊನೆಗೆ ಒಂದು ಲೆಕ್ಕ, ಸಹಾಯ ಇಲ್ಲದೆ ಮಾಡಿ

ಮಕ್ಕಳು ಕೇಳುವ ಪ್ರಶ್ನೆ ಮೊದಲು: ಪರಮಾಣು ಅಷ್ಟು ಖಾಲಿ ಆದರೆ ಕೈ ಯಾಕೆ ಮೇಜಿನೊಳಗೆ ತೂರುವುದಿಲ್ಲ? ಕೈಯ ಎಲೆಕ್ಟ್ರಾನ್ ಮಂಜು ಮೇಜಿನ ಎಲೆಕ್ಟ್ರಾನ್ ಮಂಜಿನೊಳಗೆ ನುಗ್ಗಲಿಕ್ಕೆ ಬಿಡುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರುವಂತಿಲ್ಲ, ಮೇಲಿಂದ ಋಣ ಋಣವನ್ನು ತಳ್ಳುತ್ತದೆ. ಗಟ್ಟಿ ಅಂತ ನಾವು ಮುಟ್ಟಿ ಹೇಳುವುದು ಈ ತಳ್ಳಾಟಕ್ಕೆ.

ಈಗ ಲೆಕ್ಕ. ಮ್ಯಾಗ್ನೀಷಿಯಂಗೆ 12 ಪ್ರೋಟಾನ್. ಸಾಸಿವೆ ಇಟ್ಟು ನೋಡಿ, ಹೊರಗೆ ಎಷ್ಟು ಉಳಿಯುತ್ತದೆ, ಅದನ್ನು ತೆಗೆದುಕೊಳ್ಳಲು ಎಷ್ಟು ಕ್ಲೋರಿನ್ ಬೇಕು? 2, 8, 2. ಎರಡು ಕೊಡಬೇಕು, ಎರಡು ಕ್ಲೋರಿನ್ ಬೇಕು. ಕಡಲ ನೀರಿನಲ್ಲಿ ಒಂದು ಲೀಟರಿಗೆ ಒಟ್ಟು 35 ಗ್ರಾಂನಷ್ಟು ಲವಣ, ಅದರಲ್ಲಿ ಸುಮಾರು 1.3 ಗ್ರಾಂ ಮ್ಯಾಗ್ನೀಷಿಯಂ. ಆ ಅಯಾನು ಗಾತ್ರದಲ್ಲಿ ಸೋಡಿಯಂಗಿಂತ ಸಣ್ಣದು, ವಿದ್ಯುತ್ತು ದುಪ್ಪಟ್ಟು, ಹಾಗಾಗಿ ನೀರಿನ ಅಣುವನ್ನು ಇನ್ನೂ ಗಟ್ಟಿಯಾಗಿ ಎಳೆಯುತ್ತದೆ. ಉಪ್ಪುಗದ್ದೆಯ ಉಪ್ಪಿನಲ್ಲಿ ಅದು ಸ್ವಲ್ಪ ಉಳಿದಿರುತ್ತದೆ. ಮಳೆಗಾಲದಲ್ಲಿ ನಮ್ಮ ಭರಣಿಯ ಉಪ್ಪು ಪ್ಯಾಕೆಟ್ ಉಪ್ಪಿಗಿಂತ ಮೊದಲೇ ನೀರಾಗುವುದು ಅದಕ್ಕೇ. ಜುಲೈನಲ್ಲಿ ಭರಣಿಯ ತಳದಲ್ಲಿ ನಿಂತ ಆ ನೀರನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ತಾಗಿಸಿ ನೋಡಿ. ಉಪ್ಪಿನ ಹಿಂದೆ ಒಂದು ಕಹಿ ಸಿಗುತ್ತದೆ. ಅದು ಮ್ಯಾಗ್ನೀಷಿಯಂ.